ಚಿಗರಿ ನಡೆದ ದೂರ

೨೦೧೬ರ ನವೆಂಬರ್ ೨೧, ಸೋಮವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮುಧೋಳದ ಹತ್ತಿರದ ಒಂದು ಊರಿನಲ್ಲಿ, ಹಿಟ್ಟಿನ ಗಿರಣಿಯ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ನಾನು ಒಂದು ಮುಧೋಳ ತಳಿಯ ಹೆಣ್ಣು ನಾಯಿ. ಏಳು ಮರಿಗಳಲ್ಲಿ ಐದನೆಯವಳು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಗಿರಣಿಯ ತುಕಾರಾಮ ಪ್ರತಿಯೊಂದು ಮರಿಯ ಜನನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದ. ನನ್ನ ತಂದೆ ಯಾರು, ಅವನ ತಾಯಿ ಯಾರು, ಯಾವ ಊರಿನಲ್ಲಿ ಎಷ್ಟನೆಯವರಾಗಿ ಓಡಿದರು, ಎಲ್ಲವೂ ಅಲ್ಲಿತ್ತು. ಯಾರು ಯಾವ ರೋಗದಿಂದ ಸತ್ತರು ಎಂಬುದು ಮಾತ್ರ ಇರಲಿಲ್ಲ.

ಐವತ್ತನೆಯ ದಿನ ಟ್ರ್ಯಾಕ್ಟರ್ ರಿಪೇರಿಯ ಗದಿಗೆಪ್ಪ ಅಂಬಿ ನನ್ನನ್ನು ಒಯ್ದ. ನನ್ನ ಹಿಂಗಾಲನ್ನು ಬೆರಳಿನಿಂದ ಅಳೆದು, “ಇದು ನಾಯಿ ಅಲ್ಲೋ, ಚಿಗರಿ,” ಎಂದ. ಜಿಂಕೆಯ ಆ ಹೆಸರೇ ನನ್ನ ಹೆಸರಾಯಿತು. ಅವನ ಮನೆಯಲ್ಲಿ ಅವನು, ಹೆಂಡತಿ ನೀಲವ್ವ, ಇಬ್ಬರೇ. ಕೆಳಗಿನಿಂದ ನೋಡುವ ನನಗೆ ಗದಿಗೆಪ್ಪನೆಂದರೆ ಡೀಸೆಲ್ ವಾಸನೆಯ ಪ್ಯಾಂಟಿನ ಎರಡು ಕಾಲು. ನೀಲವ್ವನೆಂದರೆ ಒಡೆದ ಎರಡು ಹಿಮ್ಮಡಿ.

ಎರಡನೆಯ ವರ್ಷದಿಂದ ಪಂದ್ಯಗಳಲ್ಲಿ ಓಡಿದೆ. ಐದು ವರ್ಷದಲ್ಲಿ ಹನ್ನೊಂದು ಸಲ ಮೊದಲಿಗಳಾದೆ. ಪಡಸಾಲೆಯ ಗೋಡೆಯ ಮೇಲೆ ನನ್ನ ಫೋಟೋಗಳು ಸಾಲಾಗಿ ಏರಿದವು. ನನ್ನ ಮರಿಗಳನ್ನು ಕೇಳಿಕೊಂಡು ಜನ ಕೊಲ್ಹಾಪುರದಿಂದ ಬಂದರು. ಗದಿಗೆಪ್ಪನನ್ನು ಊರಲ್ಲಿ ‘ಚಿಗರಿ ಗದಿಗೆಪ್ಪ’ ಎಂದೇ ಕರೆಯತೊಡಗಿದರು.

೨೦೨೩ರ ಮೇ ತಿಂಗಳಲ್ಲಿ ಬಲ ಮುಂಗಾಲಿನ ಮಣಿಕಟ್ಟಿನ ಮೇಲೆ ಒಂದು ನೋವು, ಜೊತೆಗೆ ಸಣ್ಣ ಬಾವು ಕಾಣಿಸಿತು. ಒಳಗಿನಿಂದ ಕೊರೆಯುವ ನೋವು, ನೆಕ್ಕಿದರೆ ಹೋಗುವಂಥದ್ದಲ್ಲ. ಓಡುವ ನಾಯಿ ಕುಂಟಿದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ಉಳುಕು. ಉಳುಕಿಗೆ ಇರುವುದೂ ಒಂದೇ ಮದ್ದು. ಗದಿಗೆಪ್ಪ ನನ್ನ ಬಾಯಿಗೆ ಬಟ್ಟೆ ಕಟ್ಟಿದ. ಪಕ್ಕದ ಓಣಿಯ ಮುದುಕನೊಬ್ಬ ಕುಡುಗೋಲು ಕಾಯಿಸಿ ಬಾವಿನ ಮೇಲೆ ಮೂರು ಗೆರೆ ಬರೆ ಎಳೆದ. ಸುಟ್ಟ ಗಾಯ ಮಾಯಿತು. ಬಾವು ಬೆಳೆಯಿತು.

“ಉಳಕ ಉಳಕ ಅಂತ ಎರಡ ತಿಂಗಳಾತು,” ಎಂದಳು ನೀಲವ್ವ. “ಉಳಕ ಕಾಯಿ ಆಗತೈತೇನು? ಮುಟ್ಟಿ ನೋಡ್ರಿ, ಕಲ್ಲಾಗೇತಿ.”

“ನಿನಗ ನಾಯಿ ಬಗ್ಗೆ ಏನ ತಿಳಿತೈತಿ?”

“ನನಗ ಕಲ್ಲ ತಿಳಿತೈತಿ.”

ಮರುದಿನ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಸುಗಂಧಾ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಮೂಳೆಯ ಕ್ಯಾನ್ಸರ್. ಕಾಲು ತೆಗೆಯಬೇಕು, ಆಮೇಲೆ ಮೂರು ವಾರಕ್ಕೊಂದರಂತೆ ನಾಲ್ಕು ಇಂಜೆಕ್ಷನ್ ಎಂದರು. ಬಾವು ಬಂದು ಎಷ್ಟು ದಿನವಾಯಿತೆಂದು ಕೇಳಿದರು. ಗದಿಗೆಪ್ಪ, “ಅರವತ್ತ ದಿನ ಆಗಿರಬೇಕ್ರಿ,” ಎಂದ. ಅವರು ಬರೆಯ ಗೆರೆಗಳನ್ನು ನೋಡಿದರು, ಅವನ ಮುಖವನ್ನು ನೋಡಲಿಲ್ಲ.

ಕಾಲು ಹೋಯಿತು. ಹತ್ತು ದಿನಕ್ಕೆ ಮೂರರ ಮೇಲೆ ನಿಲ್ಲುವುದನ್ನು ಕಲಿತೆ. ಡಾಕ್ಟರು ಒಂದು ಹಾಳೆಯ ತುಂಬ ಬರೆದುಕೊಟ್ಟರು: ಇಂಜೆಕ್ಷನ್ ಆದ ಎರಡು ದಿನ ವಿಶ್ರಾಂತಿ. ಆ ದಿನಗಳಲ್ಲಿ ಮಲಮೂತ್ರ ಬಳಿದು ತೆಗೆಯಲು ಕೈಗವಸು. ಜಾರುವ ನೆಲಕ್ಕೆ ಗೋಣಿಚೀಲ. ತೂಕ ಏರಬಾರದು. ದಿನಕ್ಕೆರಡು ಸಲ ಹತ್ತು ನಿಮಿಷ ನಡಿಗೆ, ವಾರವಾರವೂ ಸ್ವಲ್ಪ ಹೆಚ್ಚಿಸಬೇಕು. ಆಟ ಬೇಕೇಬೇಕು. “ಇದು ಓಡಿ ಬೆಳದ ಜೀವ. ಸುಮ್ಮನ ಕೂಡ್ರಿಸಿದ್ರ ಮನಸ್ಸು ಮೊದಲ ಸಾಯತೈತಿ.”

ಗದಿಗೆಪ್ಪ ಗೋಣಿಚೀಲ ಹಾಸಿದ. ಕೈಗವಸು ತಂದ. ಇಂಜೆಕ್ಷನ್ನಿನ ತಾರೀಖು ಒಂದನ್ನೂ ತಪ್ಪಿಸಲಿಲ್ಲ. ನಡೆಸುವುದೊಂದನ್ನು ಮಾಡಲಿಲ್ಲ. ಹಿತ್ತಲ ಕೋಣೆಯಲ್ಲಿ ನನ್ನನ್ನು ಕಟ್ಟಿ, ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟ. ಪಡಸಾಲೆಯ ಫೋಟೋಗಳನ್ನು ಇಳಿಸಿದ. ಕೇಳಿದವರಿಗೆ, “ಮಲಗೇತಿ, ದೃಷ್ಟಿ ಆಗತೈತಿ,” ಎನ್ನುತ್ತಿದ್ದ. ನನ್ನ ಪಕ್ಕದಲ್ಲಿ ಕುಳಿತು ತುಪ್ಪ ಸುರಿದ ರವೆಯ ಸಜ್ಜಕವನ್ನು ಕೈಯಾರೆ ತಿನ್ನಿಸುತ್ತಿದ್ದ. ತಿನ್ನದಿದ್ದರೆ ಅಳುತ್ತಿದ್ದ. ಅವನಿಗಾಗಿ ನಾನು ತಿಂದೆ. ಬೆಳಿಗ್ಗೆ ಬಯಲಿನಲ್ಲಿ ಬೇರೆ ನಾಯಿಗಳು ತಾಲೀಮು ಮಾಡುವ ಸದ್ದು ಕೇಳುತ್ತಿತ್ತು. ನಾನು ಎದ್ದು ನಿಲ್ಲುತ್ತಿದ್ದೆ, ಸರಪಳಿ ಮುಗಿಯುವಷ್ಟು ದೂರ ಹೋಗುತ್ತಿದ್ದೆ, ಮಲಗುತ್ತಿದ್ದೆ. ನಾಯಿಗೆ ರೋಗದ ಹೆಸರು ಗೊತ್ತಿರುವುದಿಲ್ಲ. ಕಟ್ಟಿದ್ದಾರೋ ಬಿಟ್ಟಿದ್ದಾರೋ, ಅಷ್ಟೇ ಗೊತ್ತಿರುತ್ತದೆ.

ಎರಡನೆಯ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರು ತಕ್ಕಡಿ ನೋಡಿ ಹೌಹಾರಿದರು. ಇಪ್ಪತ್ತೊಂದು ಕಿಲೋ ಇದ್ದವಳು ಇಪ್ಪತ್ನಾಲ್ಕು ಕಿಲೋ ಎಂಟುನೂರು ಗ್ರಾಂ ಆಗಿದ್ದೆ.

“ಏನ್ರಿ ಯಜಮಾನ್ರ, ಎಮ್ಮಿ ಕಟ್ಟಿ ಮೇಯಿಸೀರೇನು? ಇಷ್ಟು ಭಾರ ಮೂರ ಕಾಲು ಹ್ಯಾಂಗ ಹೊರಬೇಕು?”

“ಆರಾಮ ಇರಲಿ ಅಂತ್ರೀ…”

“ಯಾರಿಗೆ ಆರಾಮ? ಅದಕ್ಕೋ, ನಿಮಗೋ?”

ಅವನು ನನ್ನನ್ನು ಎತ್ತಿಕೊಂಡು ಮನೆಗೆ ತಂದ. ಮಾರನೆಯ ದಿನವೂ ತಟ್ಟು ಸರಿಸಲಿಲ್ಲ. ವಿಶ್ರಾಂತಿಯ ಎರಡು ದಿನ ಮುಗಿದ ಮೇಲೆ ಸರಪಳಿ ಬಿಚ್ಚಿದವಳು ನೀಲವ್ವ.

ಅವಳು ನನ್ನನ್ನು ಕಾಲುವೆಯ ದಂಡೆಗೆ ಕರೆದೊಯ್ದಳು. ಚಹಾದಂಗಡಿಯ ಮುಂದೆ ಯಾರೋ ಕೂಗಿದರು: “ಏನವಾ ನೀಲವ್ವ, ಮೂರ ಕಾಲಿನ ಚಾಂಪಿಯನ್ನ ಯಾವ ಪಂದ್ಯಕ್ಕ ಹೊಂಟೈತಿ?”

“ನಿನಗ ನಾಕ ಅದಾವಲ್ಲ, ಬಾ, ಜೋಡಿ ಓಡು!” ಎಂದಳು. ಅಂಗಡಿಯೆಲ್ಲ ನಕ್ಕಿತು. ಕೂಗಿದವನೂ ನಕ್ಕ. ಮೂರು ದಿನದಲ್ಲಿ ಊರು ನನ್ನನ್ನು ನೋಡಿ ಮುಗಿಸಿತು. ಗದಿಗೆಪ್ಪ ಹೆದರಿದ್ದು ಇಷ್ಟಕ್ಕೇ.

ನೀಲವ್ವ ಹಳೆಯ ಕುಪ್ಪಸವೊಂದನ್ನು ಹಗ್ಗಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆಯುತ್ತಿದ್ದಳು. ನಾನು ಬೆನ್ನಟ್ಟುತ್ತಿದ್ದೆ. ಬೀಳುತ್ತಿದ್ದೆ, ಏಳುತ್ತಿದ್ದೆ. ಹಿಡಿದಾಗ ಗುರ್ರೆಂದು ಕೊಡವುತ್ತಿದ್ದೆ. ಕೋಣೆಯ ತುಂಬ ಬೇಯಿಸಿದ ಕೋಳಿಯ ಚೂರು ಬಚ್ಚಿಟ್ಟು ಹುಡುಕಿಸುತ್ತಿದ್ದಳು. ತಾನು ಹಾಕಿದ ಹೆಜ್ಜೆಗಳನ್ನು ಎಣಿಸಿ, ದೂರ ಲೆಕ್ಕ ಹಾಕಿ, ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ನಾಲ್ಕನೆಯ ಇಂಜೆಕ್ಷನ್ನಿನ ಹೊತ್ತಿಗೆ ನಾನು ಒಂದೇ ಹೊತ್ತಿನಲ್ಲಿ ಒಂದು ಸಾವಿರದ ಇನ್ನೂರು ಮೀಟರ್ ನಡೆಯುತ್ತಿದ್ದೆ. ತೂಕ ಇಪ್ಪತ್ತೊಂದೂವರೆಗೆ ಇಳಿದಿತ್ತು.

ಪ್ರತಿದಿನ ಹೊರಡುವಾಗ ನೀಲವ್ವ ಗದಿಗೆಪ್ಪನಿಗೆ, “ಬರ್ರಿ, ನಿಮಗ ಕಾಯತೈತಿ,” ಎನ್ನುತ್ತಿದ್ದಳು. ನಿಜ. ನಾನು ಹೊಸ್ತಿಲಲ್ಲಿ ನಿಂತು ತಿರುಗಿ ನೋಡುತ್ತಿದ್ದೆ.

“ನಾಳೆ,” ಎನ್ನುತ್ತಿದ್ದ. ಒಮ್ಮೆ ಮಾತ್ರ ನಿಜ ಹೇಳಿದ: “ಅದು ಕುಪ್ಪಳಿಸೂದ ನೋಡಾಕ ನನ್ನ ಕೈಲಿ ಆಗೂದಿಲ್ಲ.”

“ಕುಪ್ಪಳಿಸೂದ ಅದು. ನಿಮಗೇನ ತ್ರಾಸು?”

ಡಿಸೆಂಬರಿನಲ್ಲಿ ಎದೆಯ ಎಕ್ಸ್-ರೇ ತೆಗೆದರು. ಶ್ವಾಸಕೋಶದಲ್ಲಿ ಐದು ಚುಕ್ಕೆಗಳಿದ್ದವು. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಗದಿಗೆಪ್ಪ ಕೇಳಿದ. ಹಾಗೆಂದು ಹೇಳಲಾಗದು, ಇಷ್ಟು ಬೇಗ ಹೀಗಾಗದೆಯೂ ಇರಬಹುದಿತ್ತು ಎಂದರು ಡಾಕ್ಟರು. ಇನ್ನು ಔಷಧಿ ನೋವಿಗೆ ಮಾತ್ರ; ಚಿಗರಿ ಎಷ್ಟು ನಡೆಯುತ್ತದೋ ಅಷ್ಟು ನಡೆಯಲಿ ಎಂದರು.

ನೋಟುಬುಕ್ಕಿನ ಅಂಕಿಗಳು ಇಳಿಯತೊಡಗಿದವು. ಒಂಬೈನೂರು. ಐನೂರು. ಇನ್ನೂರ ಐವತ್ತು. ಈಗ ನನ್ನ ಜಾಗ ಬಾಗಿಲ ಬದಿಯ ಬಿಸಿಲು. ಅರ್ಧ ಹಗಲು ಉಸಿರಾಡುವುದೇ ಕೆಲಸ. ನನ್ನನ್ನು ಯಾರೂ ಪ್ರೀತಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗದಿಗೆಪ್ಪ ತುಂಬ ಪ್ರೀತಿಸಿದ. ಆ ಪ್ರೀತಿ ಮೊದಲು ನನಗೆ ಬರೆ ಹಾಕಿತು, ಆಮೇಲೆ ಕತ್ತಲೆಯಲ್ಲಿ ಕಟ್ಟಿ ತುಪ್ಪ ತಿನ್ನಿಸಿತು. ಅವನು ಕೊಟ್ಟದ್ದೆಲ್ಲವೂ ನನಗೆ ನೆನಪಿದೆ. ನನಗೆ ಬೇಕಾಗಿದ್ದದ್ದು ದಿನಕ್ಕೆ ಇಪ್ಪತ್ತು ನಿಮಿಷ.

ಇವತ್ತು ಬೆಳಿಗ್ಗೆ ಅವನು ತಾನಾಗಿ ಎದ್ದು ಬಂದ. ಶುಭ್ರ ಅಂಗಿ ಹಾಕಿದ್ದ. “ಇವತ್ತ ನಾ ಕರಕೊಂಡ ಹೋಗತೀನಿ,” ಎಂದು ನೀಲವ್ವನ ಕೈಯಿಂದ ಹಗ್ಗ ತೆಗೆದುಕೊಂಡ. ನಾನು ಎದ್ದೆ, ಬಾಲ ತಾನಾಗಿ ಅಲುಗಿತು. ಅಂಗಳ ದಾಟಿದೆವು. ಪಕ್ಕದ ಮನೆಯ ಕಟ್ಟೆಯ ತನಕ ಅವನ ಜೊತೆ ನಡೆದೆ. ಅಲ್ಲಿ ಉಸಿರು ಸಾಲಲಿಲ್ಲ, ಕುಳಿತುಬಿಟ್ಟೆ. ಅವನು ಬಹಳ ಹೊತ್ತು ಹಗ್ಗ ಹಿಡಿದು ನಿಂತ. ಎಳೆಯಲಿಲ್ಲ. ಆಮೇಲೆ ನನ್ನನ್ನು ಎತ್ತಿಕೊಂಡು ಬಂದು ಬಿಸಿಲಿನಲ್ಲಿ ಮಲಗಿಸಿದ. ಗ್ಯಾರೇಜಿನಿಂದ ಟೇಪು ತಂದು, ಹೊಸ್ತಿಲಿನಿಂದ ಕಟ್ಟೆಯವರೆಗೆ ಮೊಣಕಾಲೂರಿ ಅಳೆದ. ನೀಲವ್ವ ನೋಟುಬುಕ್ಕು ಮುಂದೆ ಹಿಡಿದಳು. ಅವನು ತಾರೀಖು ಹಾಕಿ ಬರೆದ: ಹನ್ನೊಂದು ಮೀಟರ್, ನಲವತ್ತು ಸೆಂಟಿಮೀಟರ್.