ಸಾರಿಸಿದ ಒಲೆಯ ಉಸಿರು

ಏಳನೆಯ ರೊಟ್ಟಿ ಹಂಚಿಗೆ ಬಿದ್ದಿತ್ತು. ಶಿವಲೀಲಾ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರುತ್ತಿದ್ದಳು. ಅಷ್ಟರಲ್ಲಿ ನನ್ನ ಉಸಿರು ಕಟ್ಟಿತು.

ನೆಟ್ಟಗೆ ನಿಂತಿದ್ದ ಉರಿ ಹಳದಿಯಾಗಿ ಬಾಗಿತು. ಹಂಚಿನ ಅಂಚಿನಿಂದ ಹೊಗೆ ಹೊರಬಂತು. ರೊಟ್ಟಿ ಅರ್ಧ ಬೆಂದು ಹಾಗೇ ಮಂಕಾಗಿ ಕೂತಿತು.

"ಮತ್ತ ಶುರು ಆತು," ಎಂದಳು ಶಿವಲೀಲಾ. ಅವಳು ನನ್ನ ಕಡೆಗೆ ನೋಡಲೂ ಇಲ್ಲ. ಹಿಟ್ಟಿನ ಕೈಯಲ್ಲೇ ಎದ್ದು, ಗೋಡೆಗೆ ಒರಗಿ ಕೂತಿದ್ದ ಮಗಳನ್ನು ರಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಕರೆದೊಯ್ದಳು. ಏಳು ವರ್ಷದ ಮುಕ್ತಾಳ ಹೆಗಲು ಆಗಲೇ ಮೇಲೆ ಕೆಳಗೆ ಆಡುತ್ತಿತ್ತು. ಎದೆಯೊಳಗೆ ಉಬ್ಬಸದ ಸಣ್ಣ ಸಿಳ್ಳೆ.

"ಪಂಪ್ ಬಾಯಾಗ ಇಟ್ಕೋ. ಗಾಬರಿ ಆಗಬ್ಯಾಡ. ನಾ ಎಣಸ್ತೀನಿ. ಒಂದು... ಎರಡು..."

ಇಪ್ಪತ್ತರವರೆಗೆ ಎಣಿಸಿದ್ದು ನನಗೆ ಕೇಳಿಸಿತು. ಅಷ್ಟು ಹೊತ್ತು ರೊಟ್ಟಿ ಹಂಚಿನ ಮೇಲೆ ಸೀದು ಕಪ್ಪಾಯಿತು. ಯಾರೂ ತೆಗೆಯಲಿಲ್ಲ.

ನಾನು ಒಂದು ಪೆಲೆಟ್ ಒಲೆ. ಶೇಂಗಾ ಸಿಪ್ಪೆ, ಕಟ್ಟಿಗೆಯ ಹೊಟ್ಟು ಒತ್ತಿ ಮಾಡಿದ ಕಿರುಬೆರಳು ಗಾತ್ರದ ತುಂಡುಗಳೇ ನನ್ನ ಊಟ. ಅವಕ್ಕೆ ಪೆಲೆಟ್ ಎನ್ನುತ್ತಾರೆ. ಪಕ್ಕದ ಡಬ್ಬದಿಂದ ಅವು ಜಾರಿ ನನ್ನ ಬಟ್ಟಲಿಗೆ ಬೀಳುತ್ತವೆ. ಬೆನ್ನ ಹಿಂದೆ, ಬುಡದ ಹತ್ತಿರ, ನನಗೆ ಹದಿನೆಂಟು ತೂತುಗಳಿವೆ. ಒಳಗಿರುವ ಅಂಗೈಯಷ್ಟು ಫ್ಯಾನು ಆ ತೂತುಗಳಿಂದ ಗಾಳಿ ಎಳೆದು ಬಟ್ಟಲಿಗೆ ಊದುತ್ತದೆ. ಗಾಳಿ ಸರಿಯಾಗಿ ಬಂದರೆ ನನ್ನ ಉರಿಯ ಬುಡ ನೀಲಿ, ಹೊಗೆ ಇಲ್ಲವೇ ಇಲ್ಲ. ಗಾಳಿ ಕಡಿಮೆಯಾದರೆ ನಾನೂ ಎಲ್ಲ ಒಲೆಗಳಂತೆಯೇ.

ಬೆಳಗಾವಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನನ್ನು ಮಾಡಿದರು. ತಗಡು ಕತ್ತರಿಸಿ, ಬಗ್ಗಿಸಿ, ಬೆಸೆದರು. ತೂತು ಕೊರೆಯುವ ಯಂತ್ರ ಹದಿನೆಂಟು ಸಲ ಕಿರುಚಿತು. ನೋವಾಯಿತು. ಆ ನೋವಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ನಾನು ಹೋದದ್ದು ಒಂದು ಫೌಂಡ್ರಿಯ ಕ್ಯಾಂಟೀನಿಗೆ. ಅಲ್ಲಿನ ಅಡುಗೆಯವನು ಪರಶುರಾಮ. ನನ್ನನ್ನು ಕಬ್ಬಿಣದ ಟೇಬಲ್ಲಿನ ಮೇಲೆ ನಿಲ್ಲಿಸಿದ್ದ. ನನಗೆ ಕಾಣುತ್ತಿದ್ದುದು ಅವನ ಹೊಟ್ಟೆ ಮತ್ತು ಸೊಂಟಕ್ಕೆ ಸಿಕ್ಕಿಸಿದ ಕರವಸ್ತ್ರ ಮಾತ್ರ. ದಿನವೂ ಬೂದಿ ತೆಗೆದು, ಬಟ್ಟಲಿಗೆ ಅಂಟಿದ ಕಿಟ್ಟ ಕೆರೆದು, ಸೈಕಲ್ ಚಕ್ರದ ಒಂದು ಕಡ್ಡಿಯಿಂದ ತೂತುಗಳನ್ನು ಒಂದೊಂದಾಗಿ ಚುಚ್ಚಿ ನೋಡುತ್ತಿದ್ದ.

"ಹೊಟ್ಟಿ ಖಾಲಿ, ಮೂಗು ಸ್ವಚ್ಛ. ಇಷ್ಟಾದ್ರ ಈಕಿ ಎಂದೂ ಮುನಿಸ್ಕೊಳ್ಳೂದಿಲ್ಲ," ಎನ್ನುತ್ತಿದ್ದ.

ಐದು ವರ್ಷದ ಮೇಲೆ ಕ್ಯಾಂಟೀನಿಗೆ ದೊಡ್ಡ ಒಲೆ ಬಂತು. ಶಿವಲೀಲಾಳ ಗಂಡ ಮಾದೇವಪ್ಪ ಆ ಫೌಂಡ್ರಿಗೆ ಲಾರಿ ಓಡಿಸುತ್ತಿದ್ದ. ಅವನೇ ನನ್ನನ್ನು ಕೇಳಿ ತೆಗೆದುಕೊಂಡ. ಲಾರಿಗೆ ಏರಿಸುವಾಗ ಪರಶುರಾಮ ತನ್ನ ಮಂತ್ರವನ್ನು ಎರಡು ಸಲ ಹೇಳಿದ. ಮಾದೇವಪ್ಪ ತನ್ನೂರು ಗುಳೇದಗುಡ್ಡ ಮುಟ್ಟುವ ಹೊತ್ತಿಗೆ ಅರ್ಧ ಮರೆತಿದ್ದ.

"ಹೊಟ್ಟಿ ಖಾಲಿ ಇಡಬೇಕಂತ," ಎಂದು ಹೆಂಡತಿಗೆ ಹೇಳಿ, ಮರುದಿನ ಮತ್ತೆ ಲಾರಿ ಹತ್ತಿದ. ಮೂಗಿನ ಮಾತು ದಾರಿಯಲ್ಲೇ ಉದುರಿತ್ತು.

ನನ್ನನ್ನು ತಂದದ್ದು ಮುಕ್ತಾಳಿಗಾಗಿ. ಶಿವಲೀಲಾ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ತಟ್ಟಿ ಎರಡು ಖಾನಾವಳಿಗೆ ಕೊಡುತ್ತಾಳೆ. ಮನೆ ನಡೆಯುವುದು ಅದರಿಂದಲೇ. ಅಷ್ಟು ರೊಟ್ಟಿಗೆ ಗ್ಯಾಸ್ ಸಿಲಿಂಡರ್ ವಾರವೂ ಬಾಳುವುದಿಲ್ಲ. ಕಟ್ಟಿಗೆ ಒಲೆ ಹಚ್ಚಿದರೆ ಮಗಳಿಗೆ ಉಬ್ಬಸ. "ಈ ಹುಡುಗಿ ಇರೋ ಮನ್ಯಾಗ ಹೊಗಿ ಇರಬಾರ್ದು," ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ನಾನು ಬಂದ ದಿನ ಅತ್ತೆ ಪಾರವ್ವ ನನ್ನ ಸುತ್ತ ಒಂದು ಸುತ್ತು ಬಂದು ನೋಡಿದಳು. ಮುಕ್ತಾ ಅಜ್ಜಿಯನ್ನು ಆಯಿ ಎನ್ನುತ್ತಾಳೆ. ನಾನೂ ಹಾಗೇ ಎನ್ನುತ್ತೇನೆ.

"ಇದು ಒಲಿ ಅಲ್ಲ, ಡಬ್ಬಿ," ಎಂದಳು ಆಯಿ. "ಟೇಬಲ್ ಮ್ಯಾಲ ಕುಂತಿದ್ದು ಒಲಿ ಆಗ್ತೇತೇನು? ನೆಲಕ್ಕ ಕುಂದ್ರಬೇಕು. ಸಾರಿಸಬೇಕು. ಸಾರಿಸದ ಒಲಿ ಮ್ಯಾಲ ಬೇಯಿಸಿದ್ದು ಸೂತಕದ ಅಡಗಿ."

"ಸಾರಿಸ್ರಿ ಅತ್ತಿ. ಯಾರ್ ಬ್ಯಾಡ ಅಂದ್ರು?" ಎಂದಳು ಶಿವಲೀಲಾ. ಹೊಸ ಒಲೆಯನ್ನು ಅತ್ತೆ ಒಪ್ಪಿದ್ದೇ ಅವಳಿಗೆ ಸಮಾಧಾನವಾಗಿತ್ತು.

ಮಣ್ಣಿನ ಗಿಡ್ಡ ಕಟ್ಟೆ ಕಟ್ಟಿ, ಬೆನ್ನು ಗೋಡೆಗೆ ಬರುವಂತೆ ನನ್ನನ್ನು ಕೂರಿಸಿದರು. ಗೋಡೆಗೂ ನನಗೂ ನಡುವೆ ಒಂದು ಮೊಳ ಜಾಗ. ಮರುದಿನದಿಂದ ಆಯಿ ನಸುಕಿನಲ್ಲೇ ಎದ್ದು, ಸಗಣಿಗೆ ಕೆಮ್ಮಣ್ಣು ಕಲಸಿ, ಕಟ್ಟೆಯನ್ನೂ ನನ್ನ ಬುಡವನ್ನೂ ಸಾರಿಸತೊಡಗಿದಳು. ನನ್ನ ನೆತ್ತಿಗೆ ವಿಭೂತಿ, ಕುಂಕುಮ. ಅವಳ ತುಟಿಯಲ್ಲಿ ಶಿವನಾಮ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮೊದಲ ತಿಂಗಳು ಸುಖವಾಗಿತ್ತು.

ಆ ಮೊಳ ಜಾಗ ಮುಕ್ತಾಳದಾಯಿತು. ಕಾಗದದ ಚೂರೊಂದನ್ನು ನನ್ನ ತೂತುಗಳ ಹತ್ತಿರ ಹಿಡಿದು ಬಿಡುತ್ತಿದ್ದಳು. ಫ್ಯಾನು ಎಳೆದಾಗ ಚೂರು ಬಂದು ನನಗೆ ಅಂಟಿಕೊಳ್ಳುತ್ತಿತ್ತು.

"ಉಸಿರು ಒಳಗ ತಗೋ," ಎಂದು ಹೇಳಿ, ಚೂರನ್ನು ಬಿಡಿಸಿ, "ಈಗ ಬಿಡು," ಎನ್ನುತ್ತಿದ್ದಳು. ಅವ್ವ ತನಗೆ ಹೇಳುವುದನ್ನೇ ನನಗೆ ಹೇಳುತ್ತಿದ್ದಳು.

ಸಗಣಿಯ ಒಂದು ಪದರು ಕಾಗದಕ್ಕಿಂತ ದಪ್ಪವಿರುವುದಿಲ್ಲ. ಆದರೆ ಅದು ದಿನಕ್ಕೊಂದು. ತೂತುಗಳು ಮೊದಲು ಕಡಲೆಕಾಳಿನಷ್ಟಾದವು, ಆಮೇಲೆ ಸಾಸಿವೆಯಷ್ಟು. ಶ್ರಾವಣದ ಹೊತ್ತಿಗೆ ಹದಿನೆಂಟರಲ್ಲಿ ಹನ್ನೊಂದು ಮುಚ್ಚಿದ್ದವು. ನನಗೆ ಎಲ್ಲಿ ಏನಾಗಿದೆ ಎಂಬುದು ಗೊತ್ತಿತ್ತು. ಆದರೆ ನನಗಿರುವ ಭಾಷೆ ಹೊಗೆ ಒಂದೇ. ಅದನ್ನು ಆಡಿದರೆ ಮಗುವಿಗೆ ನೋವು.

ರಿಪೇರಿಗೆ ದಾವಲಸಾಬ ಬಂದ. ಬಜಾರದಲ್ಲಿ ಮೋಟಾರು, ಫ್ಯಾನು ರಿಪೇರಿಯ ಅಂಗಡಿ ಅವನದು. ಪೆಲೆಟ್ ಒಂದನ್ನು ಎತ್ತಿ ಬೆರಳಲ್ಲಿ ಮುರಿದು ನೋಡಿದ. ಅದು ಸದ್ದಿಲ್ಲದೆ ಪುಡಿಯಾಯಿತು.

"ಇದಕ್ಕ ತೇವ ಹತ್ತೇತ್ರಿ ಅಕ್ಕಾರ. ಒಣ ಪೆಲೆಟ್ ಆದ್ರ ಟಕ್ ಅಂತ ಮುರೀಬೇಕು. ಚೀಲ ಎಲ್ಲಿಟ್ಟೀರಿ?"

"ನೀರಿನ ಹಂಡೇದ ಬಾಜೂಕ."

"ಹೌದಾ? ಹಂಗಾರ ಅದಕ್ಕೂ ದಿನಾ ಜಳಕ."

ಶಿವಲೀಲಾ ನಕ್ಕಳು. ಪೆಲೆಟ್ ಬಿಸಿಲಿಗೆ ಹಾಕಿ, ಚೀಲವನ್ನು ಮಣೆಯ ಮೇಲೆ ಏರಿಸಿದಳು. ಎರಡು ದಿನ ಸರಿ ಉರಿದೆ. ಮೂರನೆಯ ದಿನ ಮತ್ತೆ ಹೊಗೆ.

ಎರಡನೆಯ ಸಲ ಬಂದವನು ಬಟ್ಟಲನ್ನು ಮೇಲಿನಿಂದ ಬಿಚ್ಚಿ, ತಳದಲ್ಲಿ ಅಂಟಿದ್ದ ಕಿಟ್ಟವನ್ನು ಉಳಿಯಿಂದ ಎಬ್ಬಿಸಿ ತೆಗೆದ. ಬೆಲ್ಲದ ಪಾಕ ಗಟ್ಟಿಯಾದಂತೆ ಕಪ್ಪಗೆ ಹೊಳೆಯುತ್ತಿತ್ತು. ಅದು ಹುಟ್ಟಿದ್ದೂ ಗಾಳಿ ಸಾಲದ್ದರಿಂದಲೇ. ಅವನು ಪೆಲೆಟ್ಟಿನಲ್ಲಿ ಮಣ್ಣಿದೆ ಎಂದುಕೊಂಡ. ಮೂರನೆಯ ಸಲ ಪಕ್ಕದ ಬಾಗಿಲು ತೆಗೆದು ಫ್ಯಾನು ಹೊರಗೆಳೆದು, ಹಿಟ್ಟಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ತಿರುಗಿಸಿ ನೋಡಿದ. ಸೊಗಸಾಗಿ ತಿರುಗಿತು. ಅವನ ಹುಬ್ಬು ಗಂಟಿಕ್ಕಿತು.

"ಎಲ್ಲಾ ಸರಿ ಐತಿ. ಮತ್ತ್ಯಾಕ ಹೊಗಿ? ಒಂದ್ಸಲ ಬುಡ ಎಬ್ಬಿಸಿ ನೋಡಬೇಕ್ರಿ."

"ಪೂಜಿ ಆದ ಒಲಿ ಅಲುಗಸಬಾರ್ದಪ್ಪ," ಎಂದಳು ಆಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

ದಾವಲಸಾಬ ನನ್ನ ನೆತ್ತಿಯ ಕುಂಕುಮ ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ. "ಹೌದ್ರಿ ಆಯಿ, ತಪ್ಪಾತು," ಎಂದ. ಇನ್ನೊಬ್ಬರ ಪೂಜೆಗೆ ಕೈ ಹಾಕುವವನಲ್ಲ ಅವನು. ಬಗ್ಗಿ ಹಿಂಬದಿಗೆ ಬ್ಯಾಟರಿಯ ಬೆಳಕು ಬಿಟ್ಟ. ಕಟ್ಟೆ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಎಂದು ತಿಳಿಯದಂತೆ ಎಲ್ಲವೂ ಒಂದೇ ಬಣ್ಣ, ಒಂದೇ ನುಣುಪು. ಹೀಗೇ ಮಾಡಿದ ಒಲೆ ಎಂದುಕೊಂಡು ಎದ್ದ.

ಮುಕ್ತಾ ಅವನ ಅಂಗಿಯ ಚುಂಗು ಹಿಡಿದು ಎಳೆದಳು. "ಕಾಕಾ..."

"ಏನವಾ?"

ಅವಳು ಆಯಿಯ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡಳು.

ಅವಳಿಗೆ ಗೊತ್ತಿತ್ತು. ಒಂದು ವಾರದಿಂದ ಕಾಗದದ ಚೂರು ನನಗೆ ಅಂಟದೆ ನೆಲಕ್ಕೆ ಬೀಳುತ್ತಿತ್ತು. ಆಯಿ ಸಾರಿಸುವಾಗ ಒಂದು ದಿನ, "ಆಯಿ, ಒಲಿಗೆ..." ಎಂದು ಕೇಳಹೋಗಿದ್ದಳು. "ಸಾರಿಸುವಾಗ ಮಾತಾಡಬಾರ್ದು ಕೂಸ. ಒಲಿತಾಯಿ ಸಿಟ್ಟಾಗ್ತಾಳ," ಎಂದಿದ್ದಳು ಆಯಿ. ಅದಕ್ಕಿಂತ ಹೆಚ್ಚಾಗಿ ಮಗುವಿನ ಬಾಯಿ ಕಟ್ಟಿದ್ದು ಪಕ್ಕದ ಮನೆಯವಳ ಮಾತು. ರೊಟ್ಟಿ ಒಯ್ಯಲು ಬಂದವಳು ಬಾಗಿಲಲ್ಲಿ ನಿಂತು, "ಮುದುಕಿಗೆ ಮೊದಲಿಂದ ಈ ಒಲಿ ಬ್ಯಾಡಾಗಿತ್ತು. ಏನರ ಮಾಡ್ಯಾಳ ನೋಡು," ಎಂದಿದ್ದಳು. ಶಿವಲೀಲಾ, "ಹಂಗ ಅನಬ್ಯಾಡ್ರಿ, ನಮ್ಮತ್ತಿ ಅಂಥಾಕಿ ಅಲ್ಲ," ಎಂದು ಮಾತು ಕತ್ತರಿಸಿದ್ದಳು. ಆದರೆ ಮುಕ್ತಾ ಕೇಳಿಸಿಕೊಂಡಿದ್ದಳು. ಈಗ ತಾನು ಬಾಯಿಬಿಟ್ಟರೆ ಆಯಿಯೇ ಮಾಡಿದಳೆಂದು ಹೇಳಿದಂತಾಗುತ್ತದೆ.

ಹೊಗೆ ಹೆಚ್ಚಾದಷ್ಟೂ ಆಯಿಯ ಭಕ್ತಿ ಹೆಚ್ಚಾಯಿತು. ಯಾರ ಕಣ್ಣು ಬಿತ್ತೋ ಎಂದು ದಿನಕ್ಕೆ ಎರಡು ಸಲ ಸಾರಿಸತೊಡಗಿದಳು. ಮೊಮ್ಮಗಳ ಉಸಿರಿಗಾಗಿ ಬೇಡಿಕೊಳ್ಳುತ್ತಲೇ ನನ್ನ ಉಸಿರಿನ ದಾರಿ ಮುಚ್ಚುತ್ತಿದ್ದಳು.

ಏಳನೆಯ ರೊಟ್ಟಿ ಸೀದ ಆ ಬೆಳಿಗ್ಗೆ, ಹೊರಗಿನ ಕಟ್ಟೆಯ ಮೇಲೆ ಮಗಳ ಬೆನ್ನು ನೀವುತ್ತಾ ಶಿವಲೀಲಾ ನಿರ್ಧಾರ ಹೇಳಿದಳು.

"ವಿಜಾಪುರಕ್ಕ ದೊಡ್ಡವ್ವನ ಮನಿಗೆ ಹೋಗು, ಬಂಗಾರಿ. ಅಲ್ಲಿ ಗ್ಯಾಸ್ ಐತಿ, ಹೊಗಿ ಇಲ್ಲ. ಸಾಲಿಗೂ ಅಲ್ಲೇ ಹಾಕ್ತಾರಂತ."

"ಎಷ್ಟು ದಿನ?"

ಶಿವಲೀಲಾ ಸೆರಗಿನಿಂದ ಮಗಳ ಮೂಗು ಒರೆಸಿದಳು. ಆಮೇಲೆ ಅದೇ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, "ಹೊಗಿ," ಎಂದಳು.

ಭಾನುವಾರ ಏಳೂವರೆಯ ಬಸ್ಸು ಎಂದು ನಿಶ್ಚಯವಾಯಿತು.

ಈಗ, ವರ್ಷಗಳ ಮೇಲೆ, ನಾನು ಇದೇ ಮನೆಯ ಹಿತ್ತಲಲ್ಲಿದ್ದೇನೆ. ಫ್ಯಾನು ತೆಗೆದು ಬೇರೆ ಒಲೆಗೆ ಹಾಕಿದ್ದಾರೆ. ನನ್ನ ಡಬ್ಬದಲ್ಲಿ ಬೆಕ್ಕು ಮೂರು ಸಲ ಮರಿ ಹಾಕಿದೆ. ತುಕ್ಕು ತಿಂದು ತೂತುಗಳು ಒಂದಕ್ಕೊಂದು ಕೂಡಿಕೊಂಡಿವೆ. ಗಾಳಿ ಎಲ್ಲ ಕಡೆಯಿಂದ ಬಂದು ಎಲ್ಲ ಕಡೆಗೆ ಹೋಗುತ್ತದೆ, ಆದರೆ ಉರಿಸಲು ಏನೂ ಇಲ್ಲ. ಕೂತು ಯೋಚಿಸುತ್ತೇನೆ. ನನ್ನನ್ನು ಕೆಡಿಸಿದವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಮರೆತವನು ದಣಿದಿದ್ದ. ಕೈ ಹಿಂದೆಗೆದವನು ಮರ್ಯಾದಸ್ಥ. ಮುಚ್ಚಿದವಳಿಗಂತೂ ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರೀತಿ. ಪ್ರೀತಿಯನ್ನೂ ಒಮ್ಮೊಮ್ಮೆ ಯಾರಾದರೂ ಎದುರು ನಿಂತು ಪ್ರಶ್ನಿಸಬೇಕಾಗುತ್ತದೆ. ಆ ಭಾನುವಾರವನ್ನು ನೆನೆದಾಗಲೆಲ್ಲ ಹೀಗೆ ಅನಿಸುತ್ತದೆ.

ಆ ಭಾನುವಾರ ನಸುಕು. ಬಾಗಿಲ ಬಳಿ ಮುಕ್ತಾಳ ಚೀಲ ಕಟ್ಟಿಟ್ಟಿತ್ತು, ಅದರ ಮೇಲೆ ಉಬ್ಬಸದ ಪಂಪು. ಶಿವಲೀಲಾ ದಾರಿಯ ಬುತ್ತಿಗೆಂದು ಹಿಟ್ಟು ನಾದುತ್ತಿದ್ದಳು. ಆಯಿ ನನ್ನ ಬೆನ್ನ ಹಿಂದೆ ಕೂತಿದ್ದಳು. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು. ಸಗಣಿಯ ಬೋಗುಣಿ ಅಂದು ತುಂಬಿತ್ತು. ನನಗೆ ಉಳಿದಿದ್ದುದು ಎರಡು ತೂತು.

ಒಂದರ ಮೇಲೆ ಆಯಿಯ ಬೆರಳು ಹರಿಯಿತು. ಉಳಿದದ್ದು ಒಂದು.

ಮುಕ್ತಾ ಗೋಡೆಯ ಸಂದಿಯಿಂದ ನುಸುಳಿ ಬಂದು ಕೂತಳು. ಕೈಯಲ್ಲಿ ಕಾಗದದ ಚೂರು. ಬಗ್ಗಿ ನನ್ನ ಫ್ಯಾನಿನ ಬಟನ್ ಒತ್ತಿದಳು. ಫ್ಯಾನು ಒಳಗೆ ಗುಂಯ್ ಎಂದಿತು. ಚೂರನ್ನು ನನ್ನ ಬುಡಕ್ಕೆ ಹಿಡಿದು ಬಿಟ್ಟಳು. ಅದು ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಬಿಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ಆ ಒಂದೇ ತೂತಿನ ಎದುರು ಹಿಡಿದಳು. ಚೂರು ನಡುಗುತ್ತಾ ಬಂದು ನನಗೆ ಅಂಟಿಕೊಂಡಿತು.

ಆಯಿಯ ಜಪ ನಿಲ್ಲಲಿಲ್ಲ. ಮಾತಾಡಬೇಡ ಎಂದು ಎಡಗೈಯಿಂದ ಸನ್ನೆ ಮಾಡಿ, ಸಗಣಿ ಹಚ್ಚಿದ ಬಲಗೈಯನ್ನು ಆ ಚೂರಿನ ಕಡೆಗೆ ತಂದಳು. ನಾನು ಇದ್ದ ಉಸಿರನ್ನೆಲ್ಲ ಎಳೆದು ಹಿಡಿದೆ.

ಮುಕ್ತಾ ಆ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದಳು. ಆಯಿಯ ತುಟಿ ನಿಂತಿತು. ನನ್ನ ಮುಂದೆ ಶಿವಲೀಲಾಳ ಹಿಟ್ಟು ನಾದುವ ಸದ್ದೂ ನಿಂತಿತು. ಹುಡುಗಿ ಆ ಒದ್ದೆ ಕೈಯನ್ನು ನಿಧಾನವಾಗಿ ಎಳೆದು ತನ್ನ ಮುಖದ ಹತ್ತಿರ ತಂದುಕೊಂಡಳು. ಎದೆಯ ಸಿಳ್ಳೆಯ ನಡುವೆ, ಮೂರು ವಾರದಿಂದ ನುಂಗಿಕೊಂಡಿದ್ದನ್ನು ಗಟ್ಟಿಯಾಗಿ ಕೇಳಿಯೇಬಿಟ್ಟಳು.

"ಆಯಿ, ದಿನಾ ನನ್ನ ಮೂಗಿನ ಮ್ಯಾಲೂ ಹಿಂಗ ಸಾರಿಸಿದ್ರ ನಾ ಹ್ಯಾಂಗ ಉಸಿರಾಡ್ಲಿ?"