ದನಿ ಬಿಡದ ಹುಳದ ಮನೆ

ನಾನು ಒಂದು ಹುಳದ ಮನೆ. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ, ಹಿಪ್ಪುನೇರಳೆ ತೋಟದ ಅಂಚಿಗೆ, ರೇಷ್ಮೆ ಹುಳ ಸಾಕುವುದಕ್ಕೆಂದೇ ನನ್ನನ್ನು ಕಟ್ಟಿದರು. ಕಟ್ಟಿದವನು ಗಾರೆ ಕೆಲಸದ ಪಿಳ್ಳಪ್ಪ. ಅಳತೆಗೆಂದು ಹದಿನಾಲ್ಕು ಅಡಿಯ ಒಂದು ಬಿದಿರು ಗಳು ಕಡಿದುಕೊಂಡಿದ್ದ. ಉದ್ದಕ್ಕೂ ಅದೇ, ಅಗಲಕ್ಕೂ ಅದೇ. ಎತ್ತರ ಎಷ್ಟೆಂದು ಕೇಳಿದಾಗ ಯಜಮಾನ ನಾರೆಪ್ಪ, "ಹುಳಕ್ಕೆ ಗಾಳಿ ಬೇಕು. ಗಳು ನೆಟ್ಟಗೆ ನಿಲ್ಸು, ಅಷ್ಟೇ ಎತ್ತರ" ಎಂದ. ಹಾಗೆ ಮೂರೂ ಕಡೆ ಸಮನಾಗಿ ಹುಟ್ಟಿದೆ.

ಹುಳ ಇರುವಷ್ಟು ಕಾಲ ಇದರಿಂದ ತೊಂದರೆಯಾಗಲಿಲ್ಲ. ನಾಲ್ಕನೇ ಜ್ವರ ಕಳೆದು, ಕೊನೆಯ ಪೊರೆ ಬಿಟ್ಟು ಎದ್ದ ಹುಳ ಸೊಪ್ಪು ತಿನ್ನುವಾಗ ನನ್ನೊಳಗೆ ಸೋನೆ ಹಿಡಿದಂತಿರುತ್ತಿತ್ತು. ನಾರೆಪ್ಪನ ಹೆಂಡತಿ ಅಕ್ಕಯಮ್ಮ ಕಾಲು ತೊಳೆದೇ ಒಳಗೆ ಬರುತ್ತಿದ್ದಳು. ತಗ್ಗು ದನಿಯಲ್ಲಿ, "ತಿನ್ರಮ್ಮಾ, ನಾಚ್ಕೋಬೇಡಿ, ನೆಂಟ್ರ ಮನೆಯಲ್ಲ" ಎಂದು ಹುಳಗಳಿಗೆ ಹೇಳುತ್ತಿದ್ದಳು. ತಿಂದು ಮಾಗಿದ ಹಣ್ಣು ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರು ಸುರುಳಿಯ ತಟ್ಟಿಗಳು, ಚಂದ್ರಿಕೆಗಳು, ಗೋಡೆಗೆ ಒರಗಿರುತ್ತಿದ್ದವು. ಅವಳ ಮಾತು ಆ ಸುರುಳಿಗಳಲ್ಲಿ ಸಿಕ್ಕಿ ಕರಗುತ್ತಿತ್ತು.

ಅಕ್ಕಯಮ್ಮ ಸತ್ತಳು. ಆ ವರ್ಷವೇ ಹುಳ ನಿಂತಿತು. ಚಂದ್ರಿಕೆಗಳು ಕೊಟ್ಟಿಗೆಯ ಅಟ್ಟ ಸೇರಿದವು. ಬರಿದಾದ ನನ್ನೊಳಗೆ ಒಂದು ಗುಂಯ್ ಉಳಿಯಿತು. ನಾರೆಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದರೂ ಒಳಗಿನಿಂದ ಯಾರೋ "ಹೂಂ" ಎಂದಂತಾಗುತ್ತಿತ್ತು.

"ಇಲ್ಲೇ ಅವಳೆ" ಅನ್ನುತ್ತಿದ್ದ. ದಿನವೂ ಬಂದು, "ಊಟ ಆಯ್ತು ಕಣೇ" ಎಂದು ಹೇಳಿ ಹೋಗುತ್ತಿದ್ದ. ಅದು ಅವನದೇ ದನಿ ಎಂದು ಹೇಳಲು ನನಗೆ ಬಾಯಿಲ್ಲ.

ಅವನ ಕಿವಿ ಮಂದವಾಗುತ್ತ ಬಂತು. ಇನ್ನೊಂದು ವರ್ಷ ಕೇಳಿಸಿದರೆ ಹೆಚ್ಚು ಎಂದರು ಡಾಕ್ಟರು. ಮಗಳು ಗಂಗರತ್ನಳ ಮದುವೆಯ ವಿಡಿಯೊದಲ್ಲಿ ಅಕ್ಕಯಮ್ಮ ಸೋಬಾನೆ ಹಾಡಿದ್ದಳು. ಅವಳ ದನಿ ಉಳಿದದ್ದು ಅದೊಂದರಲ್ಲೇ. ಟಿವಿಯಲ್ಲಿ ಹಾಕಿದರೆ ನಾರೆಪ್ಪನಿಗೆ ಕೇಳದು. ಕಿವಿಗೆ ಮಿಷನ್ ಸಿಕ್ಕಿಸಿದರೆ ಬರೀ ಕರಕರ. ಕಿವಿ ಪೂರ್ತಿ ಹೋಗುವ ಮುಂಚೆ ಅಪ್ಪನಿಗೆ ಕೇಳಿಸಲೇಬೇಕೆಂದು ಗಂಗರತ್ನ ನನ್ನನ್ನು ಹೋಂ ಥಿಯೇಟರ್ ಮಾಡಲು ಹೊರಟಳು.

ಗೋಡೆ ನುಣ್ಣಗೆ ಮಾಡಿಸಿ ದೊಡ್ಡ ಸ್ಪೀಕರುಗಳನ್ನು ಇಟ್ಟಳು. ಹಾಡು ಹಾಕಿದರೆ ಒಂದು ಪದವೂ ತಿಳಿಯಲಿಲ್ಲ. ಬಾವಿಯೊಳಗೆ ಕೂತು ಯಾರೋ ಅತ್ತಂತಿತ್ತು. ಗಂಗರತ್ನ ಆರಿಸಿ ಹೊರಗೆ ಓಡಿದಳು.

ಚಿಂತಾಮಣಿಯಿಂದ ಸ್ಪೀಕರ್ ಕೂರಿಸುವ ಇಮ್ತಿಯಾಜ್ ಬಂದ. ಚಪ್ಪಾಳೆ ತಟ್ಟಿದ. ಟೇಪು ಹಿಡಿದ. ನಕ್ಕ.

"ಅಕ್ಕಾ, ಇದು ಮನೆನೋ ಲೂಡೊ ದಾಳನೋ? ಮೂರೂ ಕಡೆ ಒಂದೇ ಅಳತೆ. ದನಿ ಹಿಡ್ಕೊಂಡ್ರೆ ಬಿಡಲ್ಲ ಇದು."

"ಏನ್ ಮಾಡೋದೀಗ?"

"ಉದ್ದ ಕೆಡಿಸ್ಬೇಕು. ಹಿಂದೆ ಮೂರಡಿ ಬಿಟ್ಟು ಹಲಗೆ ಅಡ್ಡ ನಿಲ್ಸೋಣ. ಗೋಡೆಗೆ ಒರಟಾಗಿರೋದು ಏನಾದ್ರೂ ತೂಗಾಕಿ."

ನಾರೆಪ್ಪ ತಾನೇ ಹೋಗಿ ಚಂದ್ರಿಕೆಗಳನ್ನು ಹೊತ್ತು ತಂದ. ಹಲಗೆ ಬಂದಾಗ ಮಾತ್ರ ಅಡ್ಡ ನಿಂತ. "ಹಂಗಾದ್ರೆ ಆ ಹೂಂ?"

ಇಮ್ತಿಯಾಜ್ ಅವನ ಕಿವಿಗೆ ಬಗ್ಗಿ ಕೂಗಿದ: "ಅದು ಹೋದ್ರೇನೇ ಹಾಡು ಕೇಳೋದು ತಾತಾ!"

ನಾರೆಪ್ಪ ನನ್ನ ನಡುವೆ ಬಂದು ಒಮ್ಮೆ ಕೆಮ್ಮಿದ. ಆಮೇಲೆ, "ಹಲಗೆ ನಿಲ್ಸಿ" ಎಂದ.

ಹಲಗೆ ನಿಂತ ಮೇಲೆ ವಿಡಿಯೊ ಹಾಕಿದರೆ, ಅಕ್ಕಯಮ್ಮ ಒಂದೊಂದೇ ಪದ ಬಿಡಿಸಿ ಹಾಡಿದಳು. ಹಾಡು ಮುಗಿಸಿ ಕ್ಯಾಮರಾದವನಿಗೆ, "ಸಾಕು ಬಿಡಪ್ಪಾ, ಹುಳಕ್ಕೆ ಸೊಪ್ಪು ಹಾಕೋ ಹೊತ್ತು" ಎನ್ನುತ್ತ ಎದ್ದಳು. ನಾರೆಪ್ಪನೂ ಎದ್ದುಬಿಟ್ಟ. ಬಾಗಿಲತನಕ ಹೋಗಿ ಸೊಪ್ಪಿನ ಬುಟ್ಟಿಗೆಂದು ಕೈ ಚಾಚಿ, ನಿಂತ. ಆಮೇಲೆ ನನ್ನ ಕಡೆ ತಿರುಗಿ, "ಹೂಂ ಅನ್ನೇ" ಎಂದ. ನನ್ನಿಂದಾಗಲಿಲ್ಲ.

ವರ್ಷ ತುಂಬುವತನಕ ದಿನವೂ ಆ ಹಾಡು ಕೇಳಿದ. ಆಮೇಲೆ ಕಿವಿ ಪೂರ್ತಿ ಹೋಯಿತು. ಒಂದು ಮಧ್ಯಾಹ್ನ ಬಂದು ಹಲಗೆ ಕಿತ್ತ. ಚಂದ್ರಿಕೆಗಳನ್ನೆಲ್ಲ ಹೊರಗಿಟ್ಟು ಒಂದನ್ನು ಉಳಿಸಿಕೊಂಡ. ಅದನ್ನು ಎದೆಗೆ ಆನಿಸಿ ಹಿಡಿದು, ಹಾಡು ಹಾಕೆಂದು ಮಗಳಿಗೆ ಸನ್ನೆ ಮಾಡಿದ. ಪದಗಳೆಲ್ಲ ನನ್ನೊಳಗೆ ಮುಳುಗಿ ಗುಂಯ್ ಎದ್ದಿತು. ಹಣ್ಣು ಹುಳ ಹತ್ತಿದಂತೆ ಬಿದಿರ ಸುರುಳಿಗಳು ಅವನ ಬೆರಳಡಿ ನಡುಗಿದವು.

"ಬಂದ್ಲು ಕಣಮ್ಮಾ" ಎಂದ.

ಈಗ ನಾರೆಪ್ಪನೂ ಇಲ್ಲ. ನನ್ನ ಗಾರೆ ಉದುರುತ್ತಿದೆ, ಸ್ಪೀಕರುಗಳ ಮೇಲೆ ಧೂಳು. ಆ ಒಂದೇ ಗಳುವಿನ ತಪ್ಪು ಮಾತ್ರ ನನ್ನಲ್ಲಿ ಗಟ್ಟಿಯಾಗಿದೆ. ಗಂಗರತ್ನ ಗುಡಿಸಲು ಬಂದಾಗ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾಳೆ. ನಾನು "ಹೂಂ" ಅನ್ನುತ್ತೇನೆ. ಅವಳು ಕಾಲು ತೊಳೆದು ಒಳಗೆ ಬರುತ್ತಾಳೆ.