ದ್ಯಾವಮ್ಮನ ಹೆಸರಿನ ಕಾರ್ಡು

ತಾಯಂದಿರ ಹೆಸರಲ್ಲಿ ಕಾರ್ಡು ಬರೆಯುವ ಪದ್ಧತಿ ಶುರು ಮಾಡಿದವಳು ನಾನೇ. ಯಾರೂ ಹೇಳಿಕೊಟ್ಟಿದ್ದಲ್ಲ, ಯಾವ ಸರ್ಕಾರಿ ಆದೇಶದಲ್ಲೂ ಇರಲಿಲ್ಲ. ಹಳೇಬೀಡಿನ ಆಚೆಯ ನಮ್ಮ ಸಣ್ಣ ಆಸ್ಪತ್ರೆಗೆ ಆಗ ತಿಂಗಳಿಗೊಂದು ಸಂತೆ ದಿನ ತಲೆ ಡಾಕ್ಟರು ಬರುತ್ತಿದ್ದರು. ಮದುವೆಯ ವಯಸ್ಸಿನ ಹುಡುಗಿಯ ಹೆಸರು ಅಂಥ ಕಾರ್ಡಿನ ಮೇಲೆ ಬಿದ್ದರೆ ಅವಳ ಗತಿ ಏನಾಗುತ್ತದೆ ಎಂದು ನನಗೆ, ಇಲ್ಲಿನ ನರ್ಸ್ ಶಿವಗಂಗಮ್ಮನಿಗೆ, ಯಾರೂ ಪಾಠ ಮಾಡಬೇಕಿರಲಿಲ್ಲ. ಹುಡುಗಿಯರಿಗೆಲ್ಲ ಅವರವರ ಅವ್ವಂದಿರ ಹೆಸರು ಹಾಕಿಬಿಡುತ್ತಿದ್ದೆ. ವಯಸ್ಸಾದವಳಿಗೆ ತಲೆ ಸರಿಯಿಲ್ಲ ಎಂದರೆ ಊರು ಅಷ್ಟಾಗಿ ಆಡಿಕೊಳ್ಳುವುದಿಲ್ಲ. ಡಾಕ್ಟರಿಗೂ ಗೊತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದರು.

ಮಾದಿಹಳ್ಳಿಯ ಮಂಜುಳಾ ನಮ್ಮಲ್ಲಿ ದ್ಯಾವಮ್ಮನಾದದ್ದು ಹೀಗೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳ ಕಿವಿಯಲ್ಲಿ ಯಾರೋ ಬೈಯತೊಡಗಿದರು. ಊಟಕ್ಕೆ ವಿಷ ಹಾಕಿದ್ದಾರೆಂದು ತಟ್ಟೆ ಎಸೆಯುತ್ತಿದ್ದಳು. ತಿಂಗಳಿಗೊಂದು ಇಂಜೆಕ್ಷನ್ ಬೀಳತೊಡಗಿದ ಮೇಲೆ ವರ್ಷದೊಳಗೆ ಮೊದಲಿನ ಹುಡುಗಿಯಾದಳು. ಗೆಂಡೆಹಳ್ಳಿಯ ಸ್ಕೂಲ್ ಮೇಷ್ಟ್ರು ಭೀಮರಾಜ್‌ಗೆ ಕೊಟ್ಟು ಮದುವೆ ಮಾಡಿದರು, ಒಬ್ಬ ಮಗ ಹುಟ್ಟಿದ. ತಿಂಗಳಿಗೊಮ್ಮೆ ಸಂತೆಯ ನೆಪ ಹೇಳಿ ತವರಿಗೆ ಬಂದು, ಅವ್ವನ ಜೊತೆ ನನ್ನ ಹತ್ತಿರ ಚುಚ್ಚಿಸಿಕೊಂಡು, ಸೊಪ್ಪು ತರಕಾರಿ ಚೀಲ ಹಿಡಿದು ಸಂಜೆ ಬಸ್ಸಿಗೆ ಹೋಗುವಳು. ಐದು ವರ್ಷ ಗಂಡನಿಗೆ ಸುಳಿವು ಹತ್ತಲಿಲ್ಲ. ಇದು ತಪ್ಪಲ್ಲವೇ ಎಂದು ಕೇಳುವವರು ಕೇಳಲಿ. ಅವಳು ಸಂಸಾರ ಮಾಡಿಕೊಂಡಿದ್ದಳು, ನನಗೆ ಅಷ್ಟು ಸಾಕಿತ್ತು.

ಎರಡು ಸಾವಿರದ ಎರಡರಲ್ಲಿ ಮೇಲಿನವರಿಗೆ ಜ್ಞಾನೋದಯವಾಯಿತು. ಬೇಲೂರು ಕಡೆಯದು, ನಮ್ಮದು, ಸುತ್ತಮುತ್ತಲಿನವು, ಎಲ್ಲ ತಿಂಗಳ ಕ್ಲಿನಿಕ್ಕುಗಳನ್ನೂ ಮುಚ್ಚಿ ಅರಸೀಕೆರೆಯಲ್ಲಿ ಒಂದೇ ವಲಯ ಕೇಂದ್ರ ಮಾಡಿದರು. ಅದನ್ನು ನಡೆಸುವ ಗುತ್ತಿಗೆ ಹಿಡಿದ ಸಂಸ್ಥೆಯ ಮ್ಯಾನೇಜರ್ ಲಕ್ಷ್ಮೀಶ ಜೀಪಿನಲ್ಲಿ ಬಂದ. ರೋಗಿ ರೇಷನ್ ಕಾರ್ಡು ಹಿಡಿದು ತಾನೇ ಬರಬೇಕು, ಎರಡು ತಿಂಗಳು ಬರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದ. ನಮ್ಮ ಇಂಜೆಕ್ಷನ್ ಡಬ್ಬಗಳನ್ನೂ ಜೀಪಿಗೆ ಹಾಕಿಸಿದ.

“ಎರಡು ಬಸ್ ಬದಲಾಯಿಸಿ ಅಷ್ಟು ದೂರ ಹೆಂಗ್ ಬರ್ತಾರೆ ಸಾರ್?” ಎಂದೆ.

“ಗುಣ ಆಗಬೇಕು ಅನ್ನೋರು ಬರ್ತಾರೆ ಸಿಸ್ಟರ್. ಒಬ್ಬ ರೋಗಿಗೆ ಒಂದು ಫೈಲು, ಒಂದು ನಂಬರು. ನಿಮಗೂ ತಲೆನೋವು ತಪ್ತು.”

ನಲವತ್ಮೂರು ಕಾರ್ಡುಗಳನ್ನು ಅವನ ಫಾರಂಗೆ ನಾನೇ ದುಂಡಗೆ ನಕಲು ಮಾಡಿದೆ. ಮಿಕ್ಕ ಹುಡುಗಿಯರ ಮನೆಯವರನ್ನು ಕರೆಸಿ ನಿಜವಾದ ಹೆಸರು ಬರೆಯಲು ಒಪ್ಪಿಸಿದೆ. ದ್ಯಾವಮ್ಮ ಮಾತ್ರ ಮಗಳ ಹೆಸರು ಬೇಡವೆಂದು ಕಾಲು ಹಿಡಿದುಕೊಂಡಳು. ನಾನು ಹಾಗೇ ಬಿಟ್ಟೆ. ಅವಳ ಮೇಲಿನ ಕನಿಕರವೊಂದೇ ಕಾರಣವಲ್ಲ. ಇಷ್ಟು ವರ್ಷ ಸುಳ್ಳು ದಾಖಲೆ ಬರೆದವಳೆಂದು ಮೆಮೊ ಬಂದೀತೆಂಬ ಭಯ, ರಿಟೈರಾಗಲು ಮೂರೇ ವರ್ಷ ಇತ್ತು. “ಮಂಜುಳಾನ ಕರ್ಕೊಂಡೋಗಿ ಅಲ್ಲಿ ಡಾಕ್ಟರಿಗೆ ಗುಟ್ಟಾಗಿ ಹೇಳಮ್ಮ” ಎಂದು ಕೈ ತೊಳೆದುಕೊಂಡೆ.

ಆರು ತಿಂಗಳ ಮೇಲೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ದ್ಯಾವಮ್ಮ ಕಂಡಳು. ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು, ಕೈ ಬೀಸುತ್ತಿರಲಿಲ್ಲ, ಬೆರಳು ನಡುಗುತ್ತಿದ್ದವು. ಮುಖದಲ್ಲಿ ನಗುವಿಲ್ಲ, ಅಳುವಿಲ್ಲ, ತುಟಿಯ ಮೂಲೆಯಲ್ಲಿ ಜೊಲ್ಲು. ಆ ಇಂಜೆಕ್ಷನ್ ಮೈಗೆ ಒಗ್ಗದವರು ಹೀಗಾಗುವುದನ್ನು ಬೇಕಾದಷ್ಟು ಕಂಡವಳು ನಾನು.

“ನೀನು ಚುಚ್ಚಿಸ್ಕೊಂಡ್ಯಾ?”

“ಇನ್ನೇನ್ ಮಾಡ್ಲಿ ನರ್ಸಮ್ಮ. ಅವ್ಳು ದಿನಗಟ್ಲೆ ಮನೆ ಬುಟ್ಟು ಬರಂಗಿಲ್ಲ. ರೇಷನ್ ಕಾರ್ಡ್ ನೋಡುದ್ರು, ದ್ಯಾವಮ್ಮ ಅಂತ ಐತೆ, ಸರಿ ಅಂದ್ರು. ಬ್ಯಾಡ ಅಂದ್ರೆ ಹೆಸರು ಹೊಡ್ದಾಕ್ತಾರಲ್ಲ. ಚುಚ್ಚಿಸ್ಕೊಂಡ್ರೆ ಮಾತ್ರೆನಾರ ಕೊಡ್ತಾರೆ. ಅದುನ್ನ ತಂದು ಮಗ್ಳಿಗೆ ಕೊಡ್ತಾ ಇವ್ನಿ.”

ಆ ಮಾತ್ರೆ ಇಂಜೆಕ್ಷನ್ನಿನ ನಡುಕಕ್ಕೆ ಕೊಡುವಂಥದ್ದು. ಮಂಜುಳಾಳ ರೋಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಮಾತ್ರೆ ಬೇಕಾಗಿದ್ದದ್ದು ಚುಚ್ಚಿಸಿಕೊಂಡ ದ್ಯಾವಮ್ಮನಿಗೆ, ಅವಳು ಒಂದನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಆರು ಸಲ ಆ ಹೆಂಗಸನ್ನು ನೋಡಿದ ಕೇಂದ್ರದವರಲ್ಲಿ ಒಬ್ಬರಾದರೂ ನಿನಗೇನು ಕಾಯಿಲೆ ಎಂದು ಕೇಳಿರಲಿಲ್ಲ. ಫೈಲು ಸರಿಯಾಗಿತ್ತಲ್ಲ.

“ಮಂಜುಳಾ ಹೆಂಗವ್ಳೆ?”

“ಗ್ವಾಡೆ ಜೊತೆ ಮಾತಾಡ್ತಾಳಂತೆ. ಮಾತ್ರೆ ಇನ್ನೂ ಹಿಡೀಲಿಲ್ವೇನೋ.”

ಬರುವ ಸೋಮವಾರವೇ ಮಂಜುಳಾಳನ್ನು ನಾನೇ ಅರಸೀಕೆರೆಗೆ ಕರೆದೊಯ್ಯುತ್ತೇನೆಂದು ಹೇಳಿ ಕಳಿಸಿದೆ. ಅಷ್ಟರಲ್ಲಿ ಭಾನುವಾರ ಭೀಮರಾಜ್ ನಮ್ಮ ಮನೆ ಬಾಗಿಲಿಗೆ ಬಂದ. ಕುಳಿತುಕೊಳ್ಳಲಿಲ್ಲ.

“ನಮ್ಮತ್ತೆ ಅರಸೀಕೆರೇಲಿ ಹುಚ್ಚಿಗೆ ಔಷಧಿ ತಗೋತಾರಂತೆ, ಗೊತ್ತಾಯ್ತು. ಈಗ ಮಂಜುಳಾನೂ ಹಂಗೇ ಆಡ್ತಾವ್ಳೆ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತ ನಮ್ಮವ್ವ ದಿನಾ ಚುಚ್ತಾಳೆ. ನೀವು ನೋಡಿದೋರು, ನಿಜ ಹೇಳಿ ಸಿಸ್ಟರ್.”

ಈ ಸಲ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಎಲ್ಲ ಹೇಳಿದೆ. ಅವಳಿಗೆ ಔಷಧಿ ತಪ್ಪಿ ಹೀಗಾಗಿದೆ, ಸರಿಹೋಗುತ್ತಾಳೆ, ಐದು ವರ್ಷ ಚೆನ್ನಾಗಿರಲಿಲ್ಲವೇ ಎಂದೆ.

“ಒಂದ್ ಮಾತು ಹೇಳಿದ್ರೆ ತಿಂಗಳು ತಿಂಗಳು ನಾನೇ ಸೈಕಲ್ ಮೇಲೆ ಕೂರಿಸ್ಕೊಂಡು ಬರ್ತಿದ್ದೆ. ಒಬ್ರೂ ಹೇಳ್ಲಿಲ್ಲ. ಎಲ್ಲಾ ಸೇರ್ಕೊಂಡು ನನ್ನ ದಡ್ಡನ್ ಮಾಡಿದ್ರಿ.”

ನಿಜಕ್ಕೂ ಕರೆತರುತ್ತಿದ್ದನೋ, ಸಿಟ್ಟಿನಲ್ಲಿ ಆಡಿದ ಮಾತೋ, ನನಗೆ ಇವತ್ತಿಗೂ ತಿಳಿಯದು. ಮಾರನೇ ದಿನವೇ ಮಂಜುಳಾಳನ್ನು ಮಾದಿಹಳ್ಳಿಯಲ್ಲಿ ಬಿಟ್ಟುಹೋದ. ಮಗನನ್ನು ಕಳಿಸಲಿಲ್ಲ.

ನಾನು ರಜೆ ಹಾಕಿ ತಾಯಿ ಮಗಳಿಬ್ಬರನ್ನೂ ಅರಸೀಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ, ಮೆಮೊವೂ ಬಂತು. ಮಂಜುಳಾಳಿಗೆ ಅವಳದೇ ಹೆಸರಿನ ಫೈಲಾಯಿತು. ಮೂರನೇ ಇಂಜೆಕ್ಷನ್ನಿನ ಹೊತ್ತಿಗೆ ಕಿವಿಯ ಬೈಗುಳ ನಿಂತಿತು. ದ್ಯಾವಮ್ಮನ ಕೈನಡುಕವೂ ತಗ್ಗಿತು, ಪೂರ್ತಿ ಹೋಗಲಿಲ್ಲ. ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ನಾಲ್ಕನೇ ತಿಂಗಳು ಕೇಂದ್ರದ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದೆವು. ಮಂಜುಳಾ ತಲೆ ಬಾಚಿ, ಒಗೆದ ಸೀರೆ ಉಟ್ಟು, ಎಲ್ಲರಂತೆ ಕುಳಿತಿದ್ದಳು.

“ಸಿಸ್ಟರ್, ನಾನು ಪೂರ್ತಿ ಹುಷಾರಾದ್ರೆ ಮಗೀನ ಕೊಡ್ತಾರಾ?”

ಭೀಮರಾಜ್‌ಗೆ ಬೇರೆ ಹೆಣ್ಣು ನೋಡುತ್ತಿರುವ ಸುದ್ದಿ ಆಗಲೇ ನನ್ನ ಕಿವಿಗೆ ಬಿದ್ದಿತ್ತು. “ಕೊಡಾಕಿಲ್ಲ ಕಣವ್ವ” ಎಂದೆ.

“ಹಂಗಾದ್ರೆ ಈ ಸೂಜಿ ಬ್ಯಾಡ ಬುಡಿ. ತಲೆ ಕೆಟ್ಟಿದ್ದಾಗ ಮಗ ಒಳಗೇ ಮಲಗವ್ನೆ ಅಂದ್ಕೊಂಡು ದಿನಾ ತಟ್ಟೇಲಿ ಅನ್ನ ಕಲ್ಸಿ ಇಡ್ತಿದ್ದೆ. ಈಗ ಅವ್ನು ಇಲ್ಲ ಅಂತ ಗೊತ್ತಾಯ್ತೈತೆ.”

ಪಕ್ಕದಲ್ಲಿದ್ದ ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗಿನಿಂದ ಮಂಜುಳಾಳ ನಂಬರು ಕೂಗಿದರು. ಅವಳು ಏಳಲಿಲ್ಲ. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ.